ಸೀಟು ರಾಡು ಜಾಮ್ ಆಗಿದೆ, ಬಿಡಿಸಿದವರು ಹೇಳಿ

ಹಳೆ ಸೈಕಲ್ಲು, ಸ್ಟೀಲ್ ಫ್ರೇಮ್, ಒಳಗೆ ಅಲ್ಯೂಮಿನಿಯಂ ಸೀಟು ರಾಡು. ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ. ಫ್ರೇಮ್ ಉಳಿಯಬೇಕು. ನೀವೆಲ್ಲ ಏನು ಮಾಡಿದಿರಿ?

ಹಳೇಚೈನು: ಸುಮ್ನೆ ಎಳೆಯಬೇಡಿ, ತಿರುಗಿಸಿ. ನಾನು ರಾಡಿನ ತಲೆಯನ್ನು ಬೆಂಚ್ ವೈಸಿಗೆ (ಮೇಜಿಗೆ ಬಿಗಿದ ದೊಡ್ಡ ಇಕ್ಕಳಕ್ಕೆ) ಕಚ್ಚಿಸಿ, ಇಡೀ ಫ್ರೇಮನ್ನೇ ಹಿಡಿದು ತಿರುಗಿಸಿದೆ. ಕಿರ್ರ್ ಅಂತ ಸದ್ದು, ಆಮೇಲೆ ಬಿಳಿ ಪುಡಿ ಉದುರಿತು. ರಾಡಿನ ತಲೆ ನಜ್ಜುಗುಜ್ಜು. ಆ ಅಳತೆಯ ರಾಡು ಹುಡುಕುವಷ್ಟರಲ್ಲಿ ಸಾಕುಸಾಕಾಯಿತು.

ಬಿಸಿಕಬ್ಬಿಣ: ಅಷ್ಟೆಲ್ಲ ಯಾಕೆ? ಗ್ಯಾಸ್ ಟಾರ್ಚ್ ಹಿಡಿದು ಕಾಯಿಸಿ. ನನ್ನ ಪೆಡಲ್ ಬೆಣ್ಣೆ ಥರ ಬಂತು.

ಹಳೇಚೈನು: ಪೆಡಲ್ ಕಥೆ ಬೇರೆ ಸ್ವಾಮಿ. ಅಲ್ಲಿ ಅಲ್ಯೂಮಿನಿಯಂ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಹೊರಗೆ, ಪೆಡಲಿನ ಸ್ಟೀಲ್ ಒಳಗೆ. ಇಲ್ಲಿ ಉಲ್ಟಾ. ಅಲ್ಯೂಮಿನಿಯಂ ಸ್ಟೀಲಿನ ಎರಡು ಪಟ್ಟು ಹಿಗ್ಗುತ್ತದೆ, ಇನ್ನೂ ಬಿಗಿಯಾಗುತ್ತದೆ.

ಬಿಸಿಕಬ್ಬಿಣ: ತಣ್ಣಗಾದಾಗ ಕುಗ್ಗುತ್ತದಲ್ವಾ? ಆಗ ಒಳಗಿನ ಹಿಡಿತ ಬಿರುಕು ಬಿಡುತ್ತದೆ. ಮಾಡಿ ನೋಡದೆ ಪಾಠ ಹೇಳಬೇಡಿ.

ಗರಗಸ: ಇಬ್ಬರೂ ಜಗಳ ಆಡಿಕೊಳ್ಳಿ. ನಾನು ರಾಡನ್ನು ಮೇಲೆ ಕತ್ತರಿಸಿ, ಹ್ಯಾಕ್ಸಾ ಬ್ಲೇಡಿನ ತುದಿಗೆ ಬಟ್ಟೆ ಸುತ್ತಿ, ಒಳಗಿಂದ ಉದ್ದಕ್ಕೆ ಸೀಳಿದೆ. ಬ್ಲೇಡ್ ಮೇಲೆ ಬ್ಲೇಡ್ ಮುರಿಯಿತು. ಬೆರಳ ಗೆಣ್ಣಿನ ಚರ್ಮ ಎಲ್ಲ ಫ್ರೇಮಿನ ಬಾಯಿಗೇ ಹೋಯಿತು. ಕೊನೆಗೆ ಸೀಳಿನ ಅಂಚನ್ನು ಇಕ್ಕಳದಲ್ಲಿ ಒಳಕ್ಕೆ ಮಡಚಿ ಎಳೆದೆ. ಫ್ರೇಮಿಗೆ ಗೀರೂ ಇಲ್ಲ.

ಸೋಡಾಬುಡ್ಡಿ: ಮೈಕೈ ನೋವು ಯಾಕೆ? ರಾಡಿನ ಕೆಳಬಾಯಿಗೆ ಬಿರಡೆ ಬಿಗಿದು ಒಳಗೆ ಕಾಸ್ಟಿಕ್ ಸೋಡಾ ನೀರು ಹಾಕಿ. ಅಲ್ಯೂಮಿನಿಯಂ ತಿನ್ನುತ್ತದೆ, ಸ್ಟೀಲ್ ಮುಟ್ಟುವುದಿಲ್ಲ. ಕನ್ನಡಕ, ಗ್ಲೌಸ್ ಬೇಕೇ ಬೇಕು. ಹೈಡ್ರೋಜನ್ ಬರುತ್ತದೆ, ಬಯಲಲ್ಲಿ ಮಾಡಿ.

ಗರಗಸ: ಸೋರಿದರೆ ಬಣ್ಣವನ್ನೂ ತಿನ್ನುತ್ತದೆ. ಅದನ್ನು ಯಾಕೆ ಹೇಳಲಿಲ್ಲ?

ಸೋಡಾಬುಡ್ಡಿ: ನನ್ನ ಫ್ರೇಮ್, ನನ್ನ ಬಣ್ಣ. ಹೇಗಿದ್ದರೂ ಹೊಸದಾಗಿ ಹೊಡೆಸುವುದಿತ್ತು.

ಕೇಳಿದವರು: ಈ ಸೈಕಲ್ಲಿನ ಮೂಲ ಬಣ್ಣ ಉಳಿಸಬೇಕಿತ್ತು. ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನೂ ಕೂತುಬಿಟ್ಟಿದೆ.

ಬಿಸಿಕಬ್ಬಿಣ: ಪಿನ್ನಾ? ನಟ್ಟು ಬಿಚ್ಚಿ ಸುತ್ತಿಗೆಯಲ್ಲಿ ಒಂದು ಕೊಡಿ.

ಹಳೇಚೈನು: ಕ್ರ್ಯಾಂಕ್ ಕೆಳಗೆ ಆಧಾರ ಕೊಡದೆ ಹೊಡೆದರೆ ಪೆಟ್ಟೆಲ್ಲ ಬೇರಿಂಗಿಗೆ. ಪಿನ್ನಿನ ತ್ರೆಡ್ಡೂ ಬಾಗುತ್ತದೆ. ಪ್ರೆಸ್ಸಿನಲ್ಲಿ ಒತ್ತಿ ತೆಗೆಯಬೇಕು.

ಬಿಸಿಕಬ್ಬಿಣ: ಎಲ್ಲರ ಮನೆಯಲ್ಲೂ ವೈಸು, ಪ್ರೆಸ್ಸು ಇರುತ್ತವಾ ಗುರುವೇ?

ಹಳೇಚೈನು: ಟಾರ್ಚ್ ಮಾತ್ರ ಎಲ್ಲರ ಮನೆಯಲ್ಲೂ ಇರುತ್ತದೆ ಅಲ್ವಾ?