‘ಲಾಸಿ ಕ್ಯಾವಿಟಿ’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಕೋಥ್ರೂಡ್, ಪುಣೆ:
ಫೆಬ್ರವರಿ 28ರ ವಿಜ್ಞಾನ ದಿನದ ಫಲಕ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಚಿತ್ರದಲ್ಲಿ ಬೆಳಕನ್ನು ಸಾಗಿಸುವ ಸಿಲಿಕಾನ್ ವೇವ್‌ಗೈಡು, ಮಗ್ಗುಲಲ್ಲಿ ಬೆಳಕನ್ನು ತುಸು ಹೊತ್ತು ಹಿಡಿದಿಡುವ ಕ್ಯಾವಿಟಿ, ಬರುತ್ತಿರುವುದು ಒಂದೇ ಫೋಟಾನು (ಬೆಳಕಿನ ಕಣ). ವೇವ್‌ಗೈಡಿಗೆ ‘ಅಲೆಗಾಲುವೆ’ ಎಂದಿಟ್ಟಿದ್ದೇನೆ. ‘ಲಾಸಿ ಕ್ಯಾವಿಟಿ’ಗೆ ‘ಸೋರುವ ಕುಹರ’ ನಡೆದೀತೇ?

ಮಾಟುಂಗಾ, ಮುಂಬೈ:
ನಡೆಯದು. ಕುಹರ ಹೊಕ್ಕ ಫೋಟಾನು ಹೊರಬೀಳಲು ಎರಡು ದಾರಿ. ಒಂದು, ಮರಳಿ ಅಲೆಗಾಲುವೆಗೆ. ಇನ್ನೊಂದು, ಅಂಚಿನ ಒರಟಿಗೆ ಚದುರಿಯೋ ವಸ್ತು ಹೀರಿಕೊಂಡೋ ಕಾಣೆಯಾಗುವುದು. ಸೋರಿಕೆ ಎಂದರೆ ಎರಡೂ ಆಯಿತು. ಲಾಸಿ ಎನ್ನುವುದು ಎರಡನೆಯದಕ್ಕಷ್ಟೇ. ಬೆರೆಸಿದರೆ ಲೆಕ್ಕ ಕೆಡುತ್ತದೆ. ಕುಹರ ಅಲೆಗಾಲುವೆಯ ಎರಡೂ ದಿಕ್ಕಿಗೆ ಸಮನಾಗಿ ಜೋಡಣೆಗೊಂಡಿದೆ, ಫೋಟಾನು ಸರಿಯಾಗಿ ಅನುರಣನೆಯಲ್ಲಿದೆ (ಅದರ ಆವರ್ತಾಂಕ ಕುಹರದ ಸಹಜ ಆವರ್ತಾಂಕಕ್ಕೆ ಸಮ) ಎನ್ನಿ. ನಷ್ಟ ಸೊನ್ನೆಯಾದರೆ ಫೋಟಾನು ಪೂರ್ತಿ ಹಿಂದಿರುಗುತ್ತದೆ. ನಷ್ಟದ ದರ ಒಟ್ಟು ಜೋಡಣೆಯ ದರಕ್ಕೆ (ಎರಡೂ ದಿಕ್ಕು ಸೇರಿ ಅಲೆಗಾಲುವೆಗೆ ಮರಳುವ ದರಕ್ಕೆ) ಸಮವಾದರೆ ಮುಂದೆ ದಾಟುವ ಸಂಭವ 25%, ಹಿಂದಿರುಗುವುದು 25%, ಕಳೆದುಹೋಗುವುದು 50%. ಬೆಳಕು ಒಂದೇ ದಿಕ್ಕಿಗೆ ಸುತ್ತುವ ಉಂಗುರವಾದರೆ ಅದೇ ಸಮತೆಯಲ್ಲಿ ಪೂರಾ ನಷ್ಟ. ‘ನಷ್ಟಕುಹರ’ ಎನ್ನಿ.

ಪೊಂಡಾ, ಗೋವಾ:
ಅಲೆಗಾಲುವೆಯಲ್ಲಿ ಆದೇಶಸಂಧಿ ಸರಿಯಾಗಿದೆ. ‘ನಷ್ಟಕುಹರ’ ತಪ್ಪು. ನಷ್ಟ ಕೃದಂತ, ಬಿಡಿಸಿದರೆ ‘ನಷ್ಟವಾದ ಕುಹರ’. ಕಾಣೆಯಾದದ್ದು ಕುಹರವೋ ಬೆಳಕೋ? ‘ನಷ್ಟಪೊಟರೆ’ ಎಂದರೆ ಸಂಸ್ಕೃತ, ಕನ್ನಡ ಬೆರೆತ ಅರಿಸಮಾಸ. ‘ಕಳೆವ ಪೊಟರೆ’ ಎನ್ನಿ, ಸಂಸ್ಕೃತದ ಹಂಗೇ ಬೇಡ.

ಡೊಂಬಿವಲಿ:
ಇಲ್ಲಿನ ಮಕ್ಕಳಿಗೆ ಮರಾಠಿಯ ‘ಪೋಕಳಿ’ ಗೊತ್ತು. ಅದನ್ನೇ ತರಬಾರದೇ?

ಪೊಂಡಾ:
ಬಾರದು. ಮರಾಠಿಯಲ್ಲಿ ನಿರ್ವಾತಕ್ಕೂ ಅದೇ ಪದ.

ಮಾಟುಂಗಾ:
ಪೊಟರೆಯೂ ಬೇಡ. ಫೋಟಾನಿಕ್ ಹರಳಿನಲ್ಲಿ ಸಾಲುಸಾಲು ತೂತು ಕೊರೆದು ನಡುವೆ ಮೂರು ತೂತು ಕೊರೆಯದೆ ಬಿಟ್ಟರೆ ಆ ಜಾಗವೇ ಕ್ಯಾವಿಟಿ. ಅಲ್ಲಿರುವುದು ಗಟ್ಟಿ ಸಿಲಿಕಾನು, ಪೊಳ್ಳಲ್ಲ. ‘ನಷ್ಟವುಳ್ಳ ಅನುರಣಕ’ (ರೆಸೊನೇಟರ್) ಎಂದರೆ ಅರ್ಥವೂ ಸರಿ, ಸಮಾಸದ ತಕರಾರೂ ಇಲ್ಲ.

ಪೊಂಡಾ:
ಗಟ್ಟಿ ಸಿಲಿಕಾನನ್ನು ಕ್ಯಾವಿಟಿ ಎನ್ನುವಾಗ ಇಂಗ್ಲಿಷಿನ ಪದ ಹಿಗ್ಗಬಹುದು, ಕನ್ನಡದ ಪೊಟರೆ ಹಿಗ್ಗಬಾರದೇ? ನಮ್ಮ ಪದಗಳಿಗೆ ಹೊಸ ಕೆಲಸ ಕೊಡದೆ ಎರವಲು ತಂದೇ ಅವು ಮೂಲೆ ಸೇರಿದ್ದು.

ಮಾಟುಂಗಾ:
ಆ ವಾದ ಬೇರೆ ಎಳೆಯಲ್ಲಿ ಮಾಡಿ. ಕೋಥ್ರೂಡಿನವರೇ, ಅಚ್ಚಿಗೆ ಮುನ್ನ ಎರಡು ಮಾತು. ಮೇಲಿನ ಅಂಕಿಗಳು ನಿಲ್ಲಬೇಕಾದರೆ ಫೋಟಾನಿನ ಆವರ್ತಾಂಕದ ಹರವು ಅನುರಣಕದ್ದಕ್ಕಿಂತ ತೀರ ಕಿರಿದಿರಬೇಕು. 1550 ನ್ಯಾನೊಮೀಟರ್ ಅಲೆಯುದ್ದದಲ್ಲಿ ಕ್ಯೂ (ಬೆಳಕನ್ನು ಹಿಡಿದಿಡುವ ಗುಣಾಂಕ) 1 ಲಕ್ಷವಾದರೆ ಅನುರಣಕದ ಹರವು ಸುಮಾರು 1.9 ಗಿಗಾಹರ್ಟ್ಸ್, ಬೆಳಕು ಒಳಗೆ ನಿಲ್ಲುವುದು ಸುಮಾರು 80 ಪಿಕೊಸೆಕೆಂಡು. ಫೋಟಾನಿನ ಮಿಡಿತ (ಪಲ್ಸ್) ಅದಕ್ಕಿಂತ ಬಹಳ ಉದ್ದವಿರಲಿ. ‘ಫೋಟಾನು ಮಂಕಾಗುತ್ತದೆ’ ಎಂದಂತೂ ಬರೆಯಬೇಡಿ. ದಾಟಿದರೆ ಇಡಿಯಾಗಿ ದಾಟುತ್ತದೆ, ಇಲ್ಲವಾದರೆ ಇಲ್ಲ. ಆ 25% ಕಾಣುವುದು ಸಾವಿರಾರು ಸಲ ಕಳಿಸಿ ಎಣಿಸಿದಾಗ, ಎಣಿಕೆಯನ್ನು ಪತ್ತೆಕಾರಿಯ (ಡಿಟೆಕ್ಟರ್) ದಕ್ಷತೆಯಿಂದ ಭಾಗಿಸಿದ ಮೇಲೆ.