ಝಿಂಕ್ ಪುಡಿ ವಿಡಿಯೋ ಮ್ಯಾಲೆ ನಮ್ಮ ಮನಿ ಗ್ರೂಪಿನ್ಯಾಗ ನಡದ ವಾದ

ಗ್ರೂಪ್: ನಮ್ಮ ಮನಿ ಮಂದಿ 🙏

ಗದಗ ಕಾಕಾ: (ಫಾರ್ವರ್ಡ್ ವಿಡಿಯೋ) ಎಲ್ಲಾರೂ ಕಡೀತನಕ ನೋಡ್ರಿ. ನಮ್ಮ ಡಿಎನ್‌ಎ ಒಳಗ 98 ಪರ್ಸೆಂಟ್ ಕಸ ಐತಂತ, ಅದರಾಗ ಅರ್ಧ ಹಳೇ ವೈರಸ್. ಅವು ಎದ್ದು ಕುಂತ್ರ ಕ್ಯಾನ್ಸರ್. ಅವನ್ನ ಮಲಗಿಸಿ ಇಡೂದು ಝಿಂಕ್ ಫಿಂಗರ್ ಅನ್ನೋ ಪ್ರೋಟೀನ್, ವಯಸ್ಸಾದಂಗ ಮೈಯಾಗ ಝಿಂಕ್ ಕಡಿಮಿ ಆಗಿ ಅದರ ಬೆರಳ ಸಡ್ಲ ಆಗ್ತಾವಂತ. ಈ ಪುಡಿ ಮುಂಜಾನಿ ಒಂದ ಚಮಚ ಸಂಜಿಗೊಂದ ಚಮಚ. ನಾ ಆರ್ಡರ್ ಮಾಡೀನಿ, ಯಾರಿಗರ ಬೇಕಿದ್ರ ಹೇಳ್ರಿ, ಮೂರ ಡಬ್ಬಿ ತಗೊಂಡ್ರ ರೇಟ್ ಕಡಿಮಿ

ಹುಬ್ಬಳ್ಳಿ ಅತ್ತಿ: ತಮ್ಮಾ ನನಗ ಬ್ಯಾಡೋ. ನಾ ಸರ್ವಿಸಿನ್ಯಾಗ ಇದ್ದಾಗ ಸಣ್ಣ ಹುಡುಗರಿಗೆ ಭೇದಿ ಆದ್ರ ಓಆರ್‌ಎಸ್ ಜೋಡಿ ಝಿಂಕ್ ಗುಳಿಗಿ 14 ದಿನ ಕೊಡ್ತಿದ್ವಿ, ಅದಕ್ಕೂ ಒಂದ ಲೆಕ್ಕ ಇರ್ತಿತ್ತು. ದಿನಾ ಎರಡ ಚಮಚ ಅಂದ್ರ ಎಷ್ಟ ಮಿಲಿಗ್ರಾಂ ಆತು, ಡಬ್ಬಿ ಮ್ಯಾಲೆ ಬರದಾರೇನು?

ಗದಗ ಕಾಕಾ: ಅಕ್ಕಾ ಅದು ಪೂರಾ ನೈಸರ್ಗಿಕ

ಹುಬ್ಬಳ್ಳಿ ಅತ್ತಿ: ನೈಸರ್ಗಿಕ ಇದ್ರೇನಾತು, ಝಿಂಕ್ ಝಿಂಕೇ. ಭಾಳ ದಿನ ಹೆಚ್ಚಿಗಿ ತಗೊಂಡ್ರ ತಾಮ್ರ ಮೈಗೆ ಹತ್ತೂದಿಲ್ಲ, ರಕ್ತ ಕಡಿಮಿ ಆಗ್ತೈತಿ, ಕೈಕಾಲ ಜೋಮು ಹಿಡೀತಾವ. ಡಾಕ್ಟರ್‌ನ ಕೇಳದ ತಗೋಬ್ಯಾಡ

ತಮ್ಮ (ಕಾಕಾರ ಮಗ): ಅಪ್ಪಾ ಮೊದಲ ಆ ಆರ್ಡರ್ ಕ್ಯಾನ್ಸಲ್ ಮಾಡ್ರಿ. ಆ ವಿಡಿಯೋದಾಗ ಖರೆ ಇರೂದು ಒಂದೇ ಮಾತು, ಡಿಎನ್‌ಎ ತುಂಬಾ ಜಂಕ್ ಐತಿ ಅನ್ನೂದು. ಮನುಷ್ಯಾನ ಜೀನೋಮ್, ಅಂದ್ರ ಪೂರಾ ಡಿಎನ್‌ಎ, ಸುಮಾರ 300 ಕೋಟಿ ಅಕ್ಷರ, ಉಳ್ಳಾಗಡ್ಡೀದು ಸುಮಾರ 1600 ಕೋಟಿ. ಎಲ್ಲಾ ಅಕ್ಷರಕ್ಕೂ ಕೆಲಸ ಐತಿ ಅನ್ನೂದಾದ್ರ ಉಳ್ಳಾಗಡ್ಡಿಗೆ ನಮ್ಮ ಐದ ಪಟ್ಟು ಯಾಕ ಬೇಕು? ಆ ಜಂಕ್ ತುಂಡು ತಮ್ಮನ್ನ ತಾವ ಕಾಪಿ ಮಾಡ್ಕೊಂತ ಬೆಳದಾವ, ನಮಗ ಅದರಿಂದ ಏನೂ ಇಲ್ಲ, ಝಿಂಕ್ ಫಿಂಗರ್ ಬರೇ ಕಾವಲುಗಾರ, ಮುಗೀತು

ರಾಣೆಬೆನ್ನೂರ ಮಾವ: ಅಲ್ಲೋ ಕೆಲಸ ಇಲ್ಲದ್ದು ಇಷ್ಟ ವರ್ಷ ಹೆಂಗ ಉಳೀತು. ಧಾರವಾಡದಾಕಿ ಎಲ್ಲಿ ಹ್ವಾದಳು, ಕೃಷಿ ವಿಶ್ವವಿದ್ಯಾಲಯದಾಗ ಇದನ್ನ ಓದಿದಾಕಿ ಅಲ್ಲೇನು ಆಕಿ

ನಾನು: ಇಲ್ಲೇ ಅದೀನ್ರಿ ಮಾವಾ, ಟೈಪ್ ಮಾಡಾಕತ್ತಿದ್ದೆ. ಮೊದಲ ಕಾಕಾರ ಪುಡಿ ವಿಷಯ ಮುಗಸ್ತೀನಿ. ಝಿಂಕ್ ಫಿಂಗರ್ ಖರೇನ ಐತ್ರಿ ಕಾಕಾ, 1985ರಾಗ ಕೇಂಬ್ರಿಜ್‌ನ್ಯಾಗ ಆರನ್ ಕ್ಲೂಗ್ ಅವರ ಲ್ಯಾಬಿನವರು ಕಪ್ಪಿ ತತ್ತಿಯೊಳಗಿನ ಒಂದ ಪ್ರೋಟೀನಿನ್ಯಾಗ ಕಂಡ ಹಿಡದದ್ದು. ಒಂದ ಬೆರಳಂದ್ರ 30ರ ಆಸುಪಾಸು ಅಮೈನೋ ಆಸಿಡಿನ (ಪ್ರೋಟೀನ್ ಕಟ್ಟೋ ತುಣುಕು) ಒಂದ ಮಡಿಕಿ, ಅದರಾಗಿನ ಎರಡ ಸಿಸ್ಟೀನ್ ಎರಡ ಹಿಸ್ಟಿಡೀನ್ ಕೂಡಿ ನಡುವ ಒಂದ ಝಿಂಕ್ ಪರಮಾಣು ಹಿಡಕೊಂಡಿರ್ತಾವ. ಆ ಝಿಂಕ್ ಇಲ್ಲಂದ್ರ ಮಡಿಕಿ ನಿಲ್ಲೂದಿಲ್ಲ, ಅಷ್ಟ ಮಾತ್ರ ಖರೆ. ಆದ್ರ ಒಂದಕ್ಕಿಂತ ಹೆಚ್ಚ ಹಿಡಿಯಾಕ ಅಲ್ಲಿ ಜಾಗಾನ ಇಲ್ಲ, ಮತ್ತ ಎಷ್ಟ ಬೆರಳ ಇರಬೇಕನ್ನೂದು ಜೀನಿನ್ಯಾಗ ಮೊದಲ ಬರದಿರ್ತೈತಿ. ಸರಿಯಾಗಿ ಉಣ್ಣೋ ಮನುಷ್ಯಾ ಮ್ಯಾಲಿಂದ ಝಿಂಕ್ ಸುರದ್ರ ಬೆರಳ ಹೆಚ್ಚ ಆಗೂದಿಲ್ಲ, ಹಿಡತಾನೂ ಬಿಗಿ ಆಗೂದಿಲ್ಲ. ಅತ್ತಿ ಹೇಳಿದ್ದ ಪೂರಾ ಸರಿ ಐತಿ, ಆ ಪುಡಿ ದಯವಿಟ್ಟು ತಗೋಬ್ಯಾಡ್ರಿ

ನಾನು: ಎರಡನೇದು ಆ ಲೆಕ್ಕ. ಪ್ರೋಟೀನ್ ಬರಸೋ ಭಾಗ ಎರಡ ಪರ್ಸೆಂಟಿಗಿಂತ ಕಡಿಮಿ, ಹೌದು. ಹಂಗಂತ ಉಳದ 98 ಎಲ್ಲಾ ಕಸ ಅಂತ ಅಲ್ಲ, ಜೀನ್ ಯಾವಾಗ ಎಲ್ಲಿ ಎಷ್ಟ ನಡೀಬೇಕು ಅನ್ನೋ ಸ್ವಿಚ್ಚುಗಳೂ ಅಲ್ಲೇ ಇರ್ತಾವ. ಜೀನೋಮಿನ ಹತ್ರ ಹತ್ರ ಅರ್ಧ ಜಿಗಿಯೋ ತುಂಡುಗಳು, ಟ್ರಾನ್ಸ್‌ಪೋಸೇಬಲ್ ಎಲಿಮೆಂಟ್ ಅಂತಾರ. ಅದರಾಗ ಹಳೇ ರೆಟ್ರೋವೈರಸ್ಸಿನಿಂದ (ತನ್ನ ಜೀನನ್ನ ನಮ್ಮ ಡಿಎನ್‌ಎದಾಗ ಸೇರಿಸೋ ವೈರಸ್) ಬಂದದ್ದು 8 ಪರ್ಸೆಂಟ್ ಅಷ್ಟ. ಎಲ್1 ಅನ್ನೂದು 17 ಪರ್ಸೆಂಟ್, ಆಲು ಅನ್ನೂದು 10, ಬರೇ ಆಲು ಕಾಪಿನ ಹತ್ತ ಲಕ್ಷದ ಮ್ಯಾಲೆ ಅದಾವ, ಒಂದೊಂದು 300 ಅಕ್ಷರದ್ದು. ಎಲ್1 ಐದ ಲಕ್ಷ ಕಾಪಿ ಇದ್ರೂ ಇವತ್ತ ಜಿಗಿಯೋ ತಾಕತ್ತ ಇರೂವು ನೂರರ ಆಸುಪಾಸು, ಉಳದವೆಲ್ಲಾ ಮುರದ ಬಿದ್ದಾವ. ಅದಕ್ಕ "ಎದ್ದು ಕುಂತ್ರ" ಅಂತ ಹೆದರಸೂದು ತಪ್ಪು

ಹುಬ್ಬಳ್ಳಿ ಅತ್ತಿ: ನೂರ ಇದ್ರೂ ಜಿಗೀತಾವ ಅಂದ್ರ ಎಲ್ಲೆರ ಹೋಗಿ ಕುಂತ್ರ ರೋಗ ಬರೂದಿಲ್ಲೇನ ಬಾಳಾ?

ನಾನು: ಬರ್ತೈತ್ರಿ ಅತ್ತಿ. 1988ರಾಗ ಅಮೆರಿಕಾದಾಗ ಹಿಮೋಫೀಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ರೋಗ) ಇದ್ದ ಹುಡುಗರನ್ನ ಪರೀಕ್ಷಾ ಮಾಡಿದ್ರು, ಇಬ್ಬರಿಗೆ ಎಲ್1 ತುಂಡು ಹೋಗಿ ರಕ್ತ ಹೆಪ್ಪುಗಟ್ಟಸೋ ಫ್ಯಾಕ್ಟರ್ 8 ಜೀನಿನ ನಡುವ ಕುಂತಿತ್ತು, ತಂದೆ ತಾಯಿ ಜೀನಿನ್ಯಾಗ ಅಲ್ಲಿ ಇರಲಿಲ್ಲ. ಅದಕ್ಕ ಕಾವಲು ಬೇಕೇ ಬೇಕು, ಅದನ್ನ ನಾ ಒಪ್ತೀನಿ. ನನ್ನ ವಾದ ಇರೂದು ತಮ್ಮಾ ಹೇಳಿದ "ಬರೇ ಕಾವಲುಗಾರ" ಅನ್ನೋ ಮಾತಿನ ಮ್ಯಾಲೆ

ರಾಣೆಬೆನ್ನೂರ ಮಾವ: ಮೊದಲ ಈ ಜಿಗಿಯೂದ ಅಂದ್ರ ಏನಂತ ತಿಳಿಯೂ ಹಂಗ ಹೇಳ

ನಾನು: ಮಾವಾ ಜಿಗಿಯೂದಂದ್ರ ಡಿಎನ್‌ಎ ತುಂಡು ತಾನರ ಇಲ್ಲಾ ತನ್ನ ಕಾಪಿಯರ ಡಿಎನ್‌ಎದಾಗ ಇನ್ನೊಂದ ಜಾಗಾಕ್ಕ ಹೋಗಿ ಕೂಡೂದು. ಇದನ್ನ ಕಂಡ ಹಿಡದದ್ದ ನಿಮ್ಮ ಬೆಳಿಯೊಳಗ, ಗೋವಿನಜೋಳದಾಗ. (ಫೋಟೋ) ಈ ತೆನಿ ನೋಡ್ರಿ, ಝೂಮ್ ಮಾಡಿ ಒಂದೊಂದ ಕಾಳ ನೋಡ್ರಿ. ನಮ್ಮ ಕಡೆ ಮಾರ್ಕೆಟ್ಟಿಗೆ ಹೋಗೋ ಹೈಬ್ರಿಡ್ ಹಳದಿ ಇರ್ತೈತಿ, ಇದು ಬ್ಯಾರೆ ತಳಿ, ಬಿಳಿ ಕಾಳಿನ ಮ್ಯಾಲೆ ನೇರಳಿ ಚುಕ್ಕಿ. ಕೆಲವು ಚುಕ್ಕಿ ಕಾಳಿನ ಕಾಲ ಭಾಗ ಮುಚ್ಚೇತಿ, ಕೆಲವು ಸಾಸಿವಿಗಿಂತ ಸಣ್ಣ. ಬಣ್ಣದ ಜೀನಿನ ಒಳಗ ಡಿಎಸ್ ಅನ್ನೋ ತುಂಡು ಹೋಗಿ ಕುಂತಿರ್ತೈತಿ, ಅದಕ್ಕ ಕಾಳಿಗೆ ಬಣ್ಣ ಇಲ್ಲ. ಎಸಿ ಅನ್ನೋ ಇನ್ನೊಂದ ತುಂಡು ಜೋಡಿ ಇದ್ರ ಅದು ಡಿಎಸ್‌ನ ಎಬ್ಬಸತೈತಿ, ಕಾಳ ಬೆಳಿಯೂವಾಗ ಯಾವುದೋ ಒಂದ ಕೋಶದಾಗ ಡಿಎಸ್ ಎದ್ದು ಹ್ವಾದ್ರ ಜೀನ್ ಮತ್ತ ನಡೀತೈತಿ, ಆ ಒಂದ ಕೋಶದಿಂದ ಹುಟ್ಟಿದ ಕೋಶ ಎಲ್ಲಾ ನೇರಳಿ. ಲಗೂನ ಜಿಗದ್ರ ದೊಡ್ಡ ಚುಕ್ಕಿ, ತಡಾ ಮಾಡಿ ಜಿಗದ್ರ ಸಣ್ಣ ಚುಕ್ಕಿ, ಅಂದ್ರ ಒಂದ ಕಾಳ ನೋಡಿ ಒಳಗ ಯಾವಾಗ ಏನಾತು ಅಂತ ಓದಬಹುದು! ಬಾರ್ಬರಾ ಮೆಕ್ಲಿಂಟಾಕ್ ಅಂತ ಒಬ್ಬಾಕಿ 1940ರ ದಶಕದಾಗ ತಾನ ಬೆಳಸಿದ ತೆನಿಯ ಇಂಥ ಕಾಳ ನೋಡಿ, ಸೂಕ್ಷ್ಮದರ್ಶಕದಾಗ ಕ್ರೋಮೋಸೋಮ್ (ಡಿಎನ್‌ಎ ಸುತ್ತಿಟ್ಟ ಕಟ್ಟು) ನೋಡಿ ಇದನ್ನ ಬಿಡಿಸಿದ್ದು. ಆಕಿ ಅವಕ್ಕ ಇಟ್ಟ ಹೆಸರ ಕಂಟ್ರೋಲಿಂಗ್ ಎಲಿಮೆಂಟ್, ಜೀನನ್ನ ನಿಯಂತ್ರಣ ಮಾಡೂವು ಅಂತ. ಭಾಳ ಮಂದಿ ಒಪ್ಪಲಿಲ್ಲ, ನೊಬೆಲ್ ಬಂದಿದ್ದು 1983ಕ್ಕ

ರಾಣೆಬೆನ್ನೂರ ಮಾವ: ಚುಕ್ಕಿ ನೋಡಿದ್ನಿ. ಭಾರಿ ಐತಿ. ನಮ್ಮ ಹಳದಿ ಗೋವಿನಜೋಳದಾಗೂ ಇವು ಅದಾವೇನು?

ನಾನು: ಗೋವಿನಜೋಳದ ಡಿಎನ್‌ಎ ಸುಮಾರ 85 ಪರ್ಸೆಂಟ್ ಇಂಥ ತುಂಡುಗಳೇ ಮಾವಾ. ಮತ್ತ ನಿಮ್ಮ ಹೊಲದಾಗ ಗಿಡ ಕವಲೊಡೀದ ಒಂದ ದಂಟಾಗಿ ನೇರ ನಿಲ್ಲತೈತಲ್ಲ, ಅದರ ಮೂಲದ ಟಿಯೋಸಿಂಟಿ ಅನ್ನೋ ಮೆಕ್ಸಿಕೋದ ಹುಲ್ಲು ಹಂಗಿಲ್ಲ, ಅದು ಬುಡದಿಂದ ಕವಲೊಡದ ಪೊದಿ ಆಗ್ತೈತಿ. ಕವಲ ತಡಿಯೋ ಒಂದ ಜೀನ್ ಐತಿ, ಟಿಬಿ1 ಅಂತ. ಅದರಿಂದ ಸುಮಾರ 60 ಸಾವಿರ ಅಕ್ಷರ ದೂರ ಒಂದ ಜಿಗಿಯೋ ತುಂಡು ಬಂದ ಕುಂತು ಆ ಜೀನ್ ಜೋರ ನಡಿಯೂ ಹಂಗ ಮಾಡೈತಿ. ಅಂಥಾ ಗಿಡಾನ ಹಳೇ ರೈತರು ಆರಿಸಿ ಬೀಜ ಕಾಯ್ದು ಇಟ್ಟಕೊಂಡ್ರು. ಇದು 2011ರಾಗ ಗೊತ್ತಾದದ್ದು

ತಮ್ಮ: ಅಕ್ಕಾ ಹಿಂಗ ಒಂದೆರಡ ಉದಾಹರಣಿ ಕೊಟ್ರ ಹೆಂಗ? ಲಕ್ಷಗಟ್ಟಲೆ ಕಾಪಿಯೊಳಗ ನಾಕೈದು ಉಪಯೋಗಕ್ಕ ಬಂದ್ವು ಅಂದ್ರ ಅದು ಆಕಸ್ಮಿಕ. 2012ರಾಗ ಎನ್‌ಕೋಡ್ ಅನ್ನೋ ಜೀನೋಮ್ ಸಂಶೋಧನಾ ಯೋಜನೆಯವರು ಜೀನೋಮಿನ 80% ಕೆಲಸ ಮಾಡ್ತೈತಿ ಅಂತ ಹೇಳಿ ಎಷ್ಟ ಬೈಸಿಕೊಂಡ್ರು ಗೊತ್ತೈತಲ್ಲ

ನಾನು: ಆ 80 ಪರ್ಸೆಂಟ್ ನಾನೂ ಒಪ್ಪೂದಿಲ್ಲೋ. ಒಂದ ಪ್ರೋಟೀನ್ ಹೋಗಿ ಅಂಟಿಕೊಂತು ಅಂದ ಕೂಡಲೇ ಅದು ಉಪಯೋಗ ಅಂತ ಆಗೂದಿಲ್ಲ. ಹೆಚ್ಚಿನ ಕಾಪಿ ಸುಮ್ನ ಬಿದ್ದಾವ, ನಿನ್ನ ಉಳ್ಳಾಗಡ್ಡಿ ಲೆಕ್ಕಾನೂ ಸರಿ. ನಾ ಹೇಳೂದ ಬ್ಯಾರೆ. ಆ ತುಂಡುಗಳ ಮ್ಯಾಲೆ ಝಿಂಕ್ ಫಿಂಗರ್ ಹೋಗಿ ಕೂಡೂದರಿಂದಾನ ಪಕ್ಕದ ಜೀನಿನ ನಡಾವಳಿ ಬದಲಾಗ್ತೈತಿ. ನೋಡು, ಕ್ರ್ಯಾಬ್ ಝಿಂಕ್ ಫಿಂಗರ್ ಅಂತ ಒಂದ ಬಳಗ, ಮನುಷ್ಯಾನೊಳಗ ಸುಮಾರ 350ರ ಮ್ಯಾಲೆ ಅದಾವ, ಭಾಳಷ್ಟು 19ನೇ ಕ್ರೋಮೋಸೋಮಿನ ಮ್ಯಾಲೆ ಗುಂಪ ಗುಂಪಾಗಿ ಅದಾವ. ಒಂದೊಂದ ಬೆರಳ ಡಿಎನ್‌ಎದ ಮೂರ ಅಕ್ಷರದಷ್ಟು ಹಿಡೀತೈತಿ, ಹಂಗ ಹತ್ತ ಹದಿನೈದ ಬೆರಳ ಸಾಲಾಗಿ ಇದ್ರ ಉದ್ದನ್ನ ಒಂದ ಗುರುತು ಓದತೈತಿ. ಬೆರಳಿನ ತುದಿ ಅಮೈನೋ ಆಸಿಡ್ ಬದಲಾದ್ರ ಓದೋ ಗುರುತೂ ಬದಲಾಗ್ತೈತಿ. ಹಿಡದ ಕೂಡಲೇ ಅದು ಕ್ಯಾಪ್1 ಅನ್ನೋ ಪ್ರೋಟೀನನ್ನ ಕರೀತೈತಿ, ಕ್ಯಾಪ್1 ಇನ್ನೊಂದ ಎನ್‌ಝೈಮ್ ಕರಕೊಂಡ ಬಂದು ಡಿಎನ್‌ಎ ಸುತ್ತಿಕೊಂಡಿರೋ ಹಿಸ್ಟೋನ್ ಅನ್ನೋ ಪ್ರೋಟೀನಿಗೆ ಮಿಥೈಲ್ ಅನ್ನೋ ಸಣ್ಣ ರಾಸಾಯನಿಕ ಗುರುತು ಹಾಕಸತೈತಿ, ಆ ಜಾಗಾ ಒತ್ತೊತ್ತಾಗಿ ಮುಚ್ಚಿಕೊಂತೈತಿ. ಆದ್ರ ಆ ಮುಚ್ಚಿಗಿ ಒಂದ ತುಂಡಿಗೆ ನಿಲ್ಲಬೇಕಂತಿಲ್ಲ, ಹತ್ತಾರ ಸಾವಿರ ಅಕ್ಷರ ದೂರ ಹರಡಬಹುದು. ಒಂದ ಮನಿ ವೈರ್ ಸುಟ್ಟತು ಅಂತ ಲೈನ್‌ಮನ್ ಟ್ರಾನ್ಸ್‌ಫಾರ್ಮರ್ ಬಂದ್ ಮಾಡಿದ್ರ ಓಣಿಗೆಲ್ಲಾ ಕರೆಂಟ್ ಹೋಗ್ತೈತಲ್ಲ, ಹಂಗ. ಪಕ್ಕದ ಜೀನೂ ತಣ್ಣಗಾಗ್ತೈತಿ

ತಮ್ಮ: ಅದು ಸೈಡ್ ಎಫೆಕ್ಟ್ ಅಕ್ಕಾ. ಮುಖ್ಯ ಕಥಿ ಜಗಳಾನ. 2014ರಾಗ ಅಮೆರಿಕಾದ ಸಾಂತಾ ಕ್ರೂಝ್‌ನವರ ಪೇಪರ್ ಬಂದಿತ್ತಲ್ಲ, ಝಡ್‌ಎನ್‌ಎಫ್93 ಅನ್ನೋ ಝಿಂಕ್ ಫಿಂಗರ್ ಎಲ್1ನ ಹಿಡದ ಇಟ್ಟಿತ್ತು, ಎಲ್1 ತಾನ 129 ಅಕ್ಷರ ಕಳಕೊಂಡು ತಪ್ಪಿಸಿಕೊಂಡ ಓಡೇತಿ. ತುಂಡು ತಪ್ಪಿಸಿಕೊಳ್ಳೂದು, ಬೆರಳ ಬೆನ್ನ ಹತ್ತೂದು, ಇಷ್ಟ

ನಾನು: ಆ ಪೇಪರ್ ಭಾಳ ಛಲೋ ಐತಿ, ಜಗಳ ಐತಿ ಅನ್ನೂದೂ ಖರೆ, ಜಗಳದಿಂದಾನ ಇಷ್ಟ ಝಿಂಕ್ ಫಿಂಗರ್ ಹುಟ್ಯಾವ. ನಾ ಕೇಳೂದ ಜಗಳ ಮುಗದ ಮ್ಯಾಲೆ ಏನು ಅಂತ

ಗದಗ ಕಾಕಾ: ನೀವಿಬ್ರೂ ಇಂಗ್ಲೀಷ್ ಪೇಪರ್ ಬಿಡ್ರಿ. ನಾ ಇನ್ನೊಂದ ವಿಡಿಯೋ ನೋಡೀನಿ, ಅದರಾಗ ಇಲಿ ತೋರಿಸ್ಯಾರ. ತಾಯಿಗೆ ಬ್ಯಾರೆ ಊಟ ಹಾಕಿದ್ರ ಮರಿ ಬಣ್ಣ ಹಳದಿ ಹೋಗಿ ಕಂದ ಆತು. ಅಂದ್ರ ಊಟದಿಂದ ಈ ತುಂಡು ಮಲಗ್ತಾವ ಅಂತ ಆತಲ್ಲ ಮಗಳ?

ನಾನು: ಕಾಕಾರ ಅದು ಖರೆ ಪ್ರಯೋಗಾನ, ಕೇಳಿದ್ದ ಛಲೋ ಆತು. ಆ ಇಲಿ ತಳಿಯೊಳಗ ಅಗೂಟಿ ಅನ್ನೋ ಬಣ್ಣದ ಜೀನಿನ ಮುಂದ ಒಂದ ವೈರಸ್ ಥರದ ತುಂಡು ಬಂದ ಕುಂತೈತಿ. ಅದರ ಮ್ಯಾಲೆ ಮಿಥೈಲ್ ಗುರುತು ಕಡಿಮಿ ಇದ್ರ ಜೀನ್ ಎಲ್ಲಾ ಕಡೆ ನಡದ ಇಲಿ ಹಳದಿ ಆಗ್ತೈತಿ, ದಪ್ಪಾನೂ ಆಗ್ತೈತಿ. ಗುರುತು ಹೆಚ್ಚಿದ್ರ ಕಂದ. ಒಂದ ಹೊಟ್ಟಿಯೊಳಗ ಹುಟ್ಟಿದ, ಜೀನ್ ಎಲ್ಲಾ ಒಂದೇ ಇರೋ ಮರಿ ಬ್ಯಾರೆ ಬ್ಯಾರೆ ಬಣ್ಣ. 2003ರಾಗ ಬಸರ ಇಲಿಗೆ ಫೋಲಿಕ್ ಆಸಿಡ್, ಬಿ12, ಕೋಲೀನ್, ಬೀಟೈನ್ ಕೊಟ್ಟ ನೋಡಿದ್ರು, ಕಂದ ಮರಿ ಹೆಚ್ಚಾದ್ವು. ಆದ್ರ ಅದು ಒಂದ ತಳಿಯ ಒಂದ ಜಾಗಾದಾಗ ಕುಂತಿರೋ ಒಂದ ತುಂಡಿನ ಮಾತು, ಬಸರ ಇದ್ದಾಗಿನ ಮಾತು. ಅದನ್ನ ಹಿಡದು ಗದಗಿನ್ಯಾಗ ಇರೋ ನಿಮಗ ಝಿಂಕ್ ಪುಡಿ ಮಾರಿದ್ರ ಅದು ಮೋಸ ರೀ ಕಾಕಾ, ನನಗ ಅದರ ಮ್ಯಾಲೆ ಸಿಟ್ಟ ಬಂದದ್ದು, ನಿಮ್ಮ ಮ್ಯಾಲಲ್ಲ

ಗದಗ ಕಾಕಾ: ಹೂಂ

ತಮ್ಮ: ಜಗಳ ಮುಗದ ಮ್ಯಾಲೆ ಏನು ಅಂದ್ಯಲ್ಲ ಅಕ್ಕಾ ಅದನ್ನ ಹೇಳ

ನಾನು: ನಿನ್ನ ಲೆಕ್ಕದಾಗ ಝಿಂಕ್ ಫಿಂಗರ್ ಬರೇ ಕಾವಲುಗಾರ ಅಂದ್ರ, ಅದು ಹಿಡಿಯೋ ತುಂಡು ಸತ್ತ ಮ್ಯಾಲೆ ಅದಕ್ಕ ಕೆಲಸ ಇಲ್ಲ. ಕೆಲಸ ಇಲ್ಲದ ಜೀನ್ ಕೋಟಿಗಟ್ಟಲೆ ವರ್ಷದಾಗ ತಪ್ಪ ತುಂಬಿಕೊಂಡು ಹಾಳಾಗಿ ಹೋಗಬೇಕಿತ್ತು. 2017ರಾಗ ಸ್ವಿಟ್ಜರ್ಲೆಂಡಿನ ಲೋಝಾನ್‌ದಾಗ ದಿದಿಯೇ ತ್ರೋನೋ ಅವರ ಲ್ಯಾಬಿನವರು ಮನುಷ್ಯಾನ ಇನ್ನೂರಕ್ಕೂ ಹೆಚ್ಚ ಕ್ರ್ಯಾಬ್ ಝಿಂಕ್ ಫಿಂಗರ್ ಒಂದೊಂದಾಗಿ ತಗೊಂಡು ಅವು ಡಿಎನ್‌ಎದಾಗ ಎಲ್ಲಿ ಎಲ್ಲಿ ಕೂಡ್ತಾವ ಅಂತ ನಕ್ಷಿ ಮಾಡಿದ್ರು. ಹೆಚ್ಚಿನವು ಜಿಗಿಯೋ ತುಂಡಿನ ಮ್ಯಾಲೇ ಕೂಡ್ತಾವ. ಆದ್ರ ಎಷ್ಟೋ ತುಂಡು ಜಿಗಿಯೂದ ನಿಲ್ಲಿಸಿ ಯಾವುದೋ ಕಾಲ ಆಗೇತಿ, ಆದ್ರೂ ಅವನ್ನ ಹಿಡಿಯೋ ಬೆರಳ ಮಾತ್ರ ಹಾಳಾಗದ ಹಂಗ ಉಳದಾವ. ಓಡಿ ಹೋಗೋ ಕಳ್ಳಾನೇ ಇಲ್ಲದಾಗ ಅವನ್ನ ಯಾಕ ಉಳಿಸಿಕೊಂತು? ಆ ಜಾಗಾದಾಗ ಕುಂತು ಸುತ್ತಲಿನ ಜೀನ್ ನಡಸೋ ಕೆಲಸಕ್ಕ ಅವು ಸೇರಿಕೊಂಡಾವ, ಅದಕ್ಕ

ತಮ್ಮ: ಇದು ಪಾಯಿಂಟ್ ಐತಿ. ಆದ್ರೂ ಪ್ರತಿಯೊಂದಕ್ಕೂ ಹಂಗ ಅಂತ ಹೇಳಾಕ ಬರೂದಿಲ್ಲ

ನಾನು: ಪ್ರತಿಯೊಂದಕ್ಕೂ ಅಂತ ನಾ ಹೇಳೇ ಇಲ್ಲ. ಅತ್ತಿ ನಿಮಗೊಂದ ಹೇಳ್ತೀನ್ರಿ, ಝಡ್‌ಎಫ್‌ಪಿ57 ಅಂತ ಒಂದ ಇದೇ ಬಳಗದ್ದ ಐತಿ. ತಂದೆ ಕಡೆಯ ಕಾಪಿ ನಡೀಬೇಕೋ ತಾಯಿ ಕಡೆಯದೋ ಅಂತ ಕೆಲವು ಜೀನಿಗೆ ಗುರುತು ಹಾಕಿರ್ತೈತಿ, ಭ್ರೂಣದಾಗ ಉಳದ ಗುರುತೆಲ್ಲಾ ಅಳಿಸಿ ಹೋಗೂ ಹೊತ್ತಿನ್ಯಾಗ ಇದು ಆ ಗುರುತನ್ನ ಕಾಯ್ಕೊಂಡ ಕುಂದರತೈತಿ. ಆ ಜೀನ್ ಎರಡೂ ಕಾಪಿ ಕೆಟ್ಟ ಕೆಲವು ಕೂಸುಗಳಿಗೆ ಹುಟ್ಟಿದ ಕೂಡಲೇ ಸಕ್ಕರಿ ರೋಗ ಬರ್ತೈತಿ, ಕೆಲವು ತಿಂಗಳಿಗೆ ಇಳೀತೈತಿ. 2008ರಾಗ ಗೊತ್ತಾತು. ಇಲ್ಲಿ ಜಿಗಿಯೋ ತುಂಡಿನ ಮಾತ ಇಲ್ಲ, ಸೀದಾ ಜೀನಿನ ಆಡಳಿತ

ಹುಬ್ಬಳ್ಳಿ ಅತ್ತಿ: ಹಸಗೂಸಿಗೆ ಸಕ್ಕರಿ ರೋಗ ಅಂದ್ರ ಯಾರೂ ನಂಬೂದಿಲ್ಲ, ಆದ್ರ ಬರ್ತೈತಿ. ಅಲ್ಲಾ, ಆ ವೈರಸ್ ತುಂಡಿನಿಂದ ಒಳ್ಳೇದು ಏನೂ ಆಗೇ ಇಲ್ಲೇನು?

ನಾನು: ಆಗೇತ್ರಿ. ನೀವ ಎಷ್ಟೋ ಹೆರಿಗಿ ಮಾಡಸೀರಿ, ಮಾಸು ನೋಡೀರಿ. ಮಾಸಿನ್ಯಾಗ ತಾಯಿ ರಕ್ತಕ್ಕ ಮುಖಾ ಮಾಡಿರೋ ಪದರ ಕೋಶ ಕೋಶ ಬೆಸದ ಆಗಿರ್ತೈತಿ, ಆ ಬೆಸಿಯೋ ಪ್ರೋಟೀನ್ ಸಿನ್ಸಿಟಿನ್, ಅದು ಹಳೇ ರೆಟ್ರೋವೈರಸ್ಸಿನ ಹೊರಕವಚದ ಜೀನ್. ವೈರಸ್ ಕೋಶಕ್ಕ ನುಗ್ಗಾಕ ಬಳಸತಿದ್ದ ಜೀನ್ ಇವತ್ತ ಕೂಸಿಗೆ ಅನ್ನ ಮುಟ್ಟಸೋ ಪದರ ಕಟ್ಟತೈತಿ

ಹುಬ್ಬಳ್ಳಿ ಅತ್ತಿ: ಯವ್ವಾ! ಇಷ್ಟ ವರ್ಷ ಕೈಯಾಗ ಹಿಡದೀನಿ, ಇದ ಗೊತ್ತಿರಲಿಲ್ಲ

ರಾಣೆಬೆನ್ನೂರ ಮಾವ: ಒಂದ ಕೇಳ್ತೀನಿ ಬಾಳಾ. ಲಕ್ಷಗಟ್ಟಲೆ ತುಂಡಿನೊಳಗ ಇದು ಸ್ವಿಚ್ಚು ಇದು ಕಸ ಅಂತ ನಿಮಗ ಹೆಂಗ ಗೊತ್ತಾಗ್ತೈತಿ?

ನಾನು: ಕತ್ತರಿಸಿ ನೋಡೂದ್ರಿ ಮಾವಾ. ಎಂಇಆರ್41 ಅಂತ ಒಂದ ಹಳೇ ವೈರಸ್ ತುಂಡಿನ ಕಾಪಿ ಐತಿ, ಸೋಂಕು ಬಂದಾಗ ಏಳೋ ಎಐಎಂ2 ಅನ್ನೋ ರೋಗನಿರೋಧಕ ಜೀನಿನ ಹತ್ರ. 2016ರಾಗ ಕ್ರಿಸ್ಪರ್ ಅನ್ನೋ ಡಿಎನ್‌ಎ ಕತ್ತರಿಯಿಂದ ಕೋಶದೊಳಗ ಆ ಒಂದ ಕಾಪಿ ಅಷ್ಟ ತಗದು ಇಂಟರ್‌ಫೆರಾನ್ (ಸೋಂಕು ಬಂತಂತ ಕೋಶಕ್ಕ ಸುದ್ದಿ ಮುಟ್ಟಸೋ ಪ್ರೋಟೀನ್) ಕೊಟ್ರು, ಜೀನ್ ಮೊದಲಿನಂಗ ಏಳಲಿಲ್ಲ. ಅಂದ ಮ್ಯಾಲೆ ಅದು ಸ್ವಿಚ್ಚು. ತಗದ್ರೂ ಏನೂ ಬದಲಾಗಲಿಲ್ಲ ಅಂದ್ರ ತಮ್ಮಾ ಹೇಳೂದ ಸರಿ. ಒಂದೊಂದನ್ನ ಹಿಂಗ ತಗದ ನೋಡಬೇಕು, ಭಾಳ ದುಡಿಮಿ ಐತಿ

ತಮ್ಮ: ಇದಕ್ಕ ಒಪ್ತೀನಿ. ಪ್ರತಿ ಸಲ ಕತ್ತರಿಸಿ ತೋರ್ಸಿದ ಮ್ಯಾಲೆ ಮಾತ್ರ. ಆ ಲೋಝಾನ್ ಪೇಪರ್ ಲಿಂಕ್ ಕಳಸು

ನಾನು: ರಾತ್ರಿ ಕಳಸ್ತೀನಿ

ಗದಗ ಕಾಕಾ: ಮಗಳ ನೀ ಆ ಝಿಂಕ್ ಬಗ್ಗೆ ಮೊದಲ ಬರದದ್ದಷ್ಟ ಕಾಪಿ ಮಾಡಿ ನನ್ನ ವಾಕಿಂಗ್ ಗ್ರೂಪಿಗೆ ಹಾಕ್ತೀನಿ. ಅಲ್ಲಿ ನಾನ ಆ ವಿಡಿಯೋ ಕಳಿಸೀನಿ, ಮೂರ ಮಂದಿ ರೊಕ್ಕ ಹಾಕ್ಯಾರ

ಹುಬ್ಬಳ್ಳಿ ಅತ್ತಿ: ತಾಮ್ರದ ಮಾತೂ ಸೇರಿಸಿ ಹಾಕೋ ತಮ್ಮಾ. ಬಿಪಿ ಶುಗರ್ ಗುಳಿಗಿ ತಗೊಳ್ಳಾವರು ಯಾರರ ಇದ್ರ ಮೊದಲ ಅವರಿಗೆ ಫೋನ್ ಮಾಡು