ಲುಕಪ್ ಟೇಬಲ್‌ನಿಂದ ಸ್ನಿಗ್ಧತೆ ಋಣ ಸಂಖ್ಯೆಯಾಗಿ ಬರುತ್ತಿದೆ: ಓಪನ್‌ಮೋಡೆಲಿಕಾ

ಪ್ರಶ್ನೆ (ಮಂಡ್ಯ)

ಮಾನ್ಯರೇ, ನಮ್ಮೂರಿನ ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವ ಬಗೆಯನ್ನು ಓಪನ್‌ಮೋಡೆಲಿಕಾ ಎಂಬ ಸಿಮ್ಯುಲೇಷನ್ ತಂತ್ರಾಂಶದಲ್ಲಿ ಮಾದರಿಯಾಗಿ ಕಟ್ಟುತ್ತಿದ್ದೇನೆ. ಹಾಲಿನ ಅಂಕಿಗಳಿಗೆ ಕೈ ಹಾಕುವ ಮುನ್ನ ನೀರಿನಿಂದ ಪರೀಕ್ಷಿಸಬೇಕೆಂದು, ನೀರಿನ ಸ್ನಿಗ್ಧತೆಯನ್ನು (ಹರಿವಿಗೆ ಅದು ಒಡ್ಡುವ ತಡೆಯನ್ನು) ಮಿಲಿಪ್ಯಾಸ್ಕಲ್-ಸೆಕೆಂಡ್ ಮಾನದಲ್ಲಿ ಕೋಷ್ಟಕದಿಂದ (ಲುಕಪ್ ಟೇಬಲ್) ಬೆಲೆ ಹುಡುಕಿಕೊಡುವ ಕಾಂಬಿಟೇಬಲ್1ಡಿಎಸ್ ಬ್ಲಾಕಿಗೆ ಕೊಟ್ಟಿದ್ದೇನೆ: 20 ಡಿಗ್ರಿ ಸೆಲ್ಸಿಯಸ್‌ಗೆ 1.002, 40ಕ್ಕೆ 0.653, 60ಕ್ಕೆ 0.467, 80ಕ್ಕೆ 0.354, 100ಕ್ಕೆ 0.282. ಬ್ಲಾಕಿನಿಂದ ಬಂದ ಬೆಲೆಯನ್ನು, ಹರಿವಿನ ಸ್ವರೂಪ ತಿಳಿಸುವ ರೆನಾಲ್ಡ್ಸ್ ಸಂಖ್ಯೆಯ ಸೂತ್ರದಲ್ಲಿ ಬಳಸಿ, ಆ ಸಂಖ್ಯೆಯನ್ನು 0.67ರ ಘಾತಕ್ಕೆ ಏರಿಸುತ್ತೇನೆ. ಮೊದಲ ಹೆಜ್ಜೆಯಲ್ಲಿಯೇ, ಋಣ ಸಂಖ್ಯೆಯನ್ನು ಭಿನ್ನರಾಶಿ ಘಾತಕ್ಕೆ ಏರಿಸಲಾಗದು ಎಂಬ ದೋಷ ತೋರಿಸಿ ಮಾದರಿಯ ಓಟ ನಿಂತುಬಿಡುತ್ತದೆ. ಕೋಷ್ಟಕವನ್ನು ಎರಡು ಬಾರಿ ಹೊಸದಾಗಿ ಬರೆದು ನೋಡಿದೆ. ಅದರಲ್ಲಿ ಒಂದೂ ಋಣ ಸಂಖ್ಯೆ ಇಲ್ಲ.

ಉತ್ತರ (ಮೈಸೂರು)

ನಿಮ್ಮ ಕೋಷ್ಟಕ ಸರಿಯಾಗಿಯೇ ಇದೆ. ಅದಕ್ಕೆ ನೀವು ಕೇಳುತ್ತಿರುವ ಪ್ರಶ್ನೆ ಬೇರೆ ಮಾನದಲ್ಲಿದೆ. ಈ ತಂತ್ರಾಂಶ ಬಳಸುವ ಮೋಡೆಲಿಕಾ ಭಾಷೆಯ ತಾಪಮಾನದ ಚರಗಳು ಕೆಲ್ವಿನ್‌ನಲ್ಲಿ ಇರುತ್ತವೆ, ಆದರೆ ಟೇಬಲ್ ಬ್ಲಾಕಿಗೆ ಬರುವುದು ಬರೀ ಸಂಖ್ಯೆ, ಅದರ ಮಾನ ಯಾವುದೆಂದು ಬ್ಲಾಕಿಗೆ ತಿಳಿಯದು. ನಿಮ್ಮ ನೀರು 27 ಡಿಗ್ರಿಯಲ್ಲಿ ಆರಂಭವಾಗುವುದಾದರೆ ಬ್ಲಾಕಿಗೆ ತಲುಪುವುದು ಸುಮಾರು 300.

ಕೋಷ್ಟಕ 100ಕ್ಕೇ ಮುಗಿದಿದೆ. ಎಲ್ಲೆಯಾಚೆ ಏನು ಮಾಡಬೇಕೆಂದು ನೀವು ಹೇಳದಿದ್ದರೆ ಈ ಬ್ಲಾಕು ಲಾಸ್ಟ್‌ಟೂಪಾಯಿಂಟ್ಸ್ ಎಂಬ ಆಯ್ಕೆಯಂತೆ ಕೊನೆಯ ಎರಡು ಬಿಂದುಗಳ ಗೆರೆಯನ್ನೇ ಮುಂದಕ್ಕೆ ಎಳೆಯುತ್ತದೆ. 80ರಿಂದ 100ರವರೆಗೆ ಪ್ರತಿ ಡಿಗ್ರಿಗೆ 0.0036 ಇಳಿಕೆ, ಇನ್ನೂರು ಡಿಗ್ರಿ ಮುಂದಕ್ಕೆ ಹೋದರೆ 0.282ರಿಂದ 0.72 ಕಳೆಯಬೇಕು, ಉಳಿಯುವುದು −0.438. ನಿಮ್ಮ ಋಣ ಸಂಖ್ಯೆ ಹುಟ್ಟಿದ್ದು ಇಲ್ಲಿಂದ. ಬ್ಲಾಕಿಗೆ ಕೊಡುವ ಮುನ್ನ ತಾಪಮಾನದಿಂದ 273.15 ಕಳೆಯಿರಿ.

ಇಷ್ಟಕ್ಕೇ ನಿಲ್ಲಿಸಬೇಡಿ ಎಂದು ಒತ್ತಿ ಹೇಳುತ್ತೇನೆ. ಇಂತಹ ದೋಷ ಕಂಡಾಗ ಹಲವರು ಎಲ್ಲೆಯಾಚೆ ಕೊನೆಯ ಬೆಲೆಯನ್ನೇ ಹಿಡಿದಿಡುವ ಹೋಲ್ಡ್‌ಲಾಸ್ಟ್‌ಪಾಯಿಂಟ್ ಆರಿಸಿ ಕೆಲಸ ಮುಗಿಸುತ್ತಾರೆ. ನೀವು ಹಾಗೆ ಮಾಡಿದ್ದರೆ ಓಟ ಯಾವ ತಕರಾರೂ ಇಲ್ಲದೆ ಪೂರ್ತಿಯಾಗುತ್ತಿತ್ತು, ಆದರೆ ತಣ್ಣೀರಿಗೂ ಬಿಸಿನೀರಿಗೂ ಒಂದೇ 0.282 ಸಿಗುತ್ತಿತ್ತು, ಮತ್ತು ಆ ತಪ್ಪು ನಿಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಮಾದರಿ ಕಟ್ಟುವ ಹಂತದಲ್ಲಿ ನೋಎಕ್ಸ್‌ಟ್ರಾಪೊಲೇಷನ್ ಇಟ್ಟುಕೊಳ್ಳಿ. ಎಲ್ಲೆ ದಾಟಿದ ಕ್ಷಣವೇ ಓಟ ನಿಂತು, ಕೋಷ್ಟಕದ ಹೊರಗೆ ಹೋದಿರಿ ಎಂದು ತಿಳಿಸುತ್ತದೆ.

ಇನ್ನೊಂದು ಮಾತು. ಸ್ನಿಗ್ಧತೆ ನೇರ ಗೆರೆಯಲ್ಲಿ ಇಳಿಯುವುದಿಲ್ಲ. ನಿಮ್ಮ ಕೋಷ್ಟಕದಿಂದ 30 ಡಿಗ್ರಿಗೆ 0.8275 ಬರುತ್ತದೆ, ನಿಜವಾದ ಬೆಲೆ ಸುಮಾರು 0.798. ಸ್ನಿಗ್ಧತೆಯ ಬದಲು ಅದರ ಸ್ವಾಭಾವಿಕ ಲಾಗರಿದಮ್ಮನ್ನು ಕೋಷ್ಟಕದಲ್ಲಿಟ್ಟು, ಹೊರಬಂದ ಬೆಲೆಗೆ ಎಕ್ಸ್‌ಪ್ ಫಲನ ಹಾಕಿದರೆ 0.809 ಸಿಗುತ್ತದೆ. ನೀರಿಗೆ ಇದು ಸಣ್ಣ ಲಾಭ. ಪಾಕ ಗಟ್ಟಿಯಾಗುತ್ತಾ ಸ್ನಿಗ್ಧತೆ ಹಲವು ಪಟ್ಟು ಏರುವಾಗ ಇದಿಲ್ಲದೆ ಆಗದು.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು. 273.15 ಕಳೆದೆ, ಲಾಗರಿದಮ್ ಹಾಕಿದೆ, ನೋಎಕ್ಸ್‌ಟ್ರಾಪೊಲೇಷನ್ ಇಟ್ಟೆ. ಈಗ ಓಟ ಚೆನ್ನಾಗಿ ಸಾಗಿ, ತಾಪಮಾನ 100 ದಾಟುತ್ತಿದ್ದಂತೆ ನಿಲ್ಲುತ್ತದೆ. ಕೋಷ್ಟಕಕ್ಕೆ 120ರ ಸಾಲೊಂದನ್ನು ಸೇರಿಸಿಬಿಡಲೇ?

ಉತ್ತರ (ಮೈಸೂರು)

ದಯವಿಟ್ಟು ಈಗಲೇ ಸೇರಿಸಬೇಡಿ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಕೊಪ್ಪರಿಗೆಯ ನೀರು 98ರ ಆಸುಪಾಸಿನಲ್ಲಿ ಕುದಿಯುತ್ತದೆಯೇ ಹೊರತು 100ನ್ನು ದಾಟಲಾರದು. ನಿಮ್ಮ ಶಾಖದ ಲೆಕ್ಕದಲ್ಲಿ ಆವಿಯಾಗುವಿಕೆಯೇ ಇಲ್ಲವೆಂದು ಕಾಣುತ್ತದೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2260 ಕಿಲೋಜೂಲ್ ಬೇಕು. ಕುದಿಯಲು ತೊಡಗಿದ ಮೇಲೆ ಒಲೆಯ ಶಾಖ ಅಲ್ಲಿಗೆ ಹೋಗಬೇಕು.

ಕಬ್ಬಿನ ಹಾಲಿಗೆ ಬಂದಾಗ ಮಾತ್ರ ಕೋಷ್ಟಕ 120ರವರೆಗೆ ಬೇಕು, ಏಕೆಂದರೆ ಸಕ್ಕರೆಯಂಶ ಹೆಚ್ಚಿದಂತೆ ಕುದಿಬಿಂದುವೂ ಏರುತ್ತದೆ. ಆಗ ಸ್ನಿಗ್ಧತೆ ತಾಪಮಾನ ಮತ್ತು ಬ್ರಿಕ್ಸ್ (ಸಕ್ಕರೆಯಂಶದ ಅಳತೆ) ಎರಡನ್ನೂ ಅವಲಂಬಿಸುವುದರಿಂದ, ಎರಡು ಇನ್‌ಪುಟ್‌ಗಳ ಕಾಂಬಿಟೇಬಲ್2ಡಿಎಸ್ ಬಳಸಿ. ಅದರಲ್ಲಿ ಮೊದಲ ಕಂಬಸಾಲು ಮೊದಲ ಇನ್‌ಪುಟ್ ಯು1ರದ್ದು, ಮೊದಲ ಅಡ್ಡಸಾಲು ಎರಡನೆಯ ಇನ್‌ಪುಟ್ ಯು2ರದ್ದು, ಎಡಮೇಲಿನ ಮೂಲೆಯ ಸಂಖ್ಯೆ ಲೆಕ್ಕಕ್ಕೆ ಬರುವುದಿಲ್ಲ. ಎರಡೂ ಏರಿಕೆಯ ಕ್ರಮದಲ್ಲಿರಬೇಕು.

ಪ್ರಶ್ನೆ ಕೇಳಿದವರು

ನೀವು ಹೇಳಿದ್ದೇ ನಿಜ, ಆವಿಯ ಪದವನ್ನು ನಾನು ಸಮೀಕರಣದಲ್ಲಿ ಬರೆದೇ ಇರಲಿಲ್ಲ. ಸೇರಿಸಿದ ಮೇಲೆ ತಾಪಮಾನ 98ರ ಹತ್ತಿರ ನಿಂತು, ಕೊಪ್ಪರಿಗೆಯ ತೂಕ ಇಳಿಯತೊಡಗಿತು. ಕೋಷ್ಟಕಕ್ಕೆ ಒಂದು ಸಾಲನ್ನೂ ಸೇರಿಸಬೇಕಾಗಲಿಲ್ಲ.